ಲಂಗದ ಬೋಗುಣಿ

ನನ್ನ ಹೆಸರು ಕೊಮಿಸಾರ್. ಅದು ಹುದ್ದೆಯಲ್ಲ, ಅಪ್ಪ ಇಟ್ಟ ಹೆಸರು. ನಮ್ಮ ರುಮೇನಿಯಾದಲ್ಲಿ ಪೊಲೀಸರ ದೊಡ್ಡ ಸಾಹೇಬನಿಗೆ ಕೊಮಿಸಾರ್ ಅನ್ನುತ್ತಾರೆ. ನಾನು ಹುಟ್ಟಿದ ವಾರ ಅಪ್ಪನನ್ನು ನಮ್ಮೂರು ರಿಪೇನಿಯ ಠಾಣೆಗೆ ಎಳೆದೊಯ್ದು ಅಂಗಾಲಿಗೆ ಹೊಡೆದಿದ್ದರು. ಯಾರದೋ ಮನೆಯ ಹಂದಿ ಕಳುವಾಗಿತ್ತು. ಅಪ್ಪ ಮೊಣಕಾಲ ಮೇಲೆ ತೆವಳಿಕೊಂಡು ಮನೆಗೆ ಬಂದ. ತೊಟ್ಟಿಲಲ್ಲಿದ್ದ ನನ್ನನ್ನು ನೋಡಿದ. "ಇಂವಗ ಕೊಮಿಸಾರ್ ಅಂತ ಹೆಸರಿಡ್ತೀನಿ. ನಾಳಿ ಇವನ್ನ ಬೈಬೇಕಂದ್ರೂ ಆ ಸೂಳೆಮಕ್ಕಳು ಕೊಮಿಸಾರ್ ಅಂತನ ಬೈಬೇಕು" ಅಂದನಂತೆ.

ಅವನಿಗೆ ಅಷ್ಟು ಸೇಡು ಸಾಕಾಗಿತ್ತು. ಮಗ ನಿಜವಾಗಿಯೂ ಪೊಲೀಸ್ ಸೇರುತ್ತಾನೆ, ಪತ್ತೇದಾರನಾಗುತ್ತಾನೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಸೇರಿದೆ. ಠಾಣೆಯಲ್ಲಿ ರೋಮಾ ಜನಾಂಗದವನು ನಾನೊಬ್ಬನೇ. ಹೊರಗಿನವರು ನಮಗೆ ಜಿಪ್ಸಿ ಅನ್ನುತ್ತಾರೆ, ಅನ್ನುವಾಗ ತುಟಿ ಸೊಟ್ಟ ಮಾಡುತ್ತಾರೆ. ಠಾಣೆಯಲ್ಲಿ ಕಾಫಿಗೆ ಎಲ್ಲರಿಗೂ ಒಂದೇ ಥರದ ಬಿಳಿ ಲೋಟ. ನನ್ನ ಲೋಟದ ಹಿಡಿಕೆಗೆ ಮಾತ್ರ ಕೆಂಪು ದಾರ ಕಟ್ಟಿತ್ತು. ಯಾರು ಕಟ್ಟಿದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇತ್ತ ಕೆಳಗೇರಿಯಲ್ಲಿ, ಹೊಳೆದಂಡೆಯ ನಮ್ಮ ತಾಮ್ರ ಬಡಿಯುವವರ ಕೇರಿಯಲ್ಲಿ, ನಾನು ನಡೆದು ಬಂದರೆ ಮಾತು ನಿಲ್ಲುತ್ತಿತ್ತು. "ಬಂತು ನೋಡ್ರೋ ಠಾಣೇದ ನಾಯಿ" ಅನ್ನುವುದು ಬೆನ್ನಿಗೆ ಕೇಳಿಸುತ್ತಿತ್ತು. ಅಲ್ಲಿ ಜಿಪ್ಸಿ, ಇಲ್ಲಿ ನಾಯಿ. ಹೀಗೆ ನನ್ನ ಬದುಕು ನಡೆದಿತ್ತು.

ಮುಗುರೆಲ್ ಸಾಯುವವರೆಗೆ.

ಮುಗುರೆಲ್ ನಮ್ಮ ಕೇರಿಯ ಹಿರಿಯ ಝುರ್ಕಾ ಕಾಕಾನ ಕಿರಿಮಗ. ಮೀಸೆ ಆಗಷ್ಟೇ ಕಪ್ಪಾಗುತ್ತಿತ್ತು. ಪಕ್ಕದ ಊರಲ್ಲಿ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನವರಿಗೆ ಮನೆತನದ ಬೆಳ್ಳಿ ಬಟ್ಟಲು ತೋರಿಸಿ ಬರಲು ಹೊರಟಿದ್ದ. ನಮಗೆ ಹೊಲವಿಲ್ಲ, ಮನೆಗೆ ಹಕ್ಕುಪತ್ರವಿಲ್ಲ. ಬಟ್ಟಲಿದೆ. ಮುತ್ತಜ್ಜನಿಂದ ಅಜ್ಜನಿಗೆ, ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಕಿರಿಮಗನಿಗೆ ಬರುತ್ತದೆ. ಮದುವೆಗೂ ಅದರಲ್ಲೇ ಕುಡಿಯಬೇಕು, ಸಾವಿಗೂ ಅದರಲ್ಲೇ ಕುಡಿಯಬೇಕು. ರೈಲು ನಿಲ್ದಾಣದಲ್ಲಿ ನಮ್ಮ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ನೆಕ್ಷೊಯ್ ಅವನ ಚೀಲ ಬಿಚ್ಚಿಸಿದ. ಜಿಪ್ಸಿಯ ಚೀಲದಲ್ಲಿ ಬೆಳ್ಳಿ!

"ಎಲ್ಲಿ ಕದ್ದೆ?"

"ನಮ್ಮಜ್ಜಂದ್ರಿ."

"ಎಲ್ಲಿ ಕದ್ದೆ?"

"ನಮ್ಮಜ್ಜಂದ್ರಿ."

ಲಾಕಪ್ಪಿನಲ್ಲಿ ಸಂಜೆಯಿಂದ ನಸುಕಿನವರೆಗೆ ಈ ಎರಡೇ ಮಾತು. ಪಕ್ಕದ ಕೋಣೆಯಲ್ಲಿದ್ದ ಕುಡುಕನೊಬ್ಬ ಕೇಳಿಸಿಕೊಂಡವನು ನನಗೆ ಹೇಳಿದ. ಕದ್ದೆ ಅಂದಿದ್ದರೆ ಉಳಿಯುತ್ತಿದ್ದನೋ ಏನೋ. ಹುಡುಗ ತನ್ನದನ್ನು ತನ್ನದು ಅಂದ. ಅದಕ್ಕೇ ಸತ್ತ.

ಬೆಳಿಗ್ಗೆ ಠಾಣೆಯ ಮುಖ್ಯಸ್ಥ ಡುಂಬ್ರಾವ ನನ್ನನ್ನು ಕರೆದು ಹೆಣ ತೋರಿಸಿದ. ಪಕ್ಕೆಲುಬು ಒಳಗೆ ಕುಸಿದಿದ್ದವು. ಅಂಗಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆ ಅಂಗಾಲನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅಪ್ಪ ಸಾಯುವವರೆಗೂ ಬೂಟು ಹಾಕಲಾರದೆ ಚಿಂದಿ ಸುತ್ತಿಕೊಂಡು ನಡೆದ.

"ಮೆಟ್ಟಿಲಿಂದ ಬಿದ್ದು ಸತ್ತ ಅಂತ ವರದಿ ಬರಿ. ನೀನೂ ಅವರ ಜಾತಿಯವನೇ, ನೀನು ಬರೆದ್ರೆ ಅವರು ನಂಬ್ತಾರೆ" ಅಂದ ಡುಂಬ್ರಾವ.

"ಸಾರ್, ಲಾಕಪ್ ಇರೋದು ನೆಲಮಟ್ಟದಲ್ಲಿ. ಮೆಟ್ಟಿಲೇ ಇಲ್ಲ."

"ಹಾಗಾದ್ರೆ ಮೆಟ್ಟಿಲಿರೋ ಕಡೆ ಬಿದ್ದ ಅಂತ ಬರಿ. ಅದನ್ನೂ ನಾನೇ ಹೇಳಿಕೊಡಬೇಕಾ?"

"ನಾನು ಬರೆಯಲ್ಲ."

ಡುಂಬ್ರಾವ ಸಿಟ್ಟಾಗಲಿಲ್ಲ. ಕಿಟಕಿಯ ಕಡೆ ನೋಡಿದ. "ಯೋಚನೆ ಮಾಡು ಕೊಮಿಸಾರ್. ನಿನಗೂ ಹೆಂಡತಿ ಇದ್ದಾಳೆ" ಅಂದ. ನಾನು ಹೊರಗೆ ಬಂದು ಜಿಲ್ಲಾ ಪ್ರಾಸಿಕ್ಯೂಟರ್ ಕಚೇರಿಗೆ ಫೋನು ಮಾಡಿದೆ. ಪ್ರಾಸಿಕ್ಯೂಟರ್ ಒಬ್ಬ ಹೆಂಗಸು, ಪೂರ್ತಿ ಕೇಳಿಸಿಕೊಂಡಳು. "ಸತ್ತವನ ಮನೆಯವರೇ ಕೇಳಬೇಕು. ಹೆಣ ಇಲ್ಲಿನ ಆಸ್ಪತ್ರೆಗೆ ಬರಬೇಕು. ಮಣ್ಣು ಮಾಡಿಬಿಟ್ರೆ ಆಮೇಲೆ ನನ್ನ ಕೈಯಲ್ಲಿ ಏನೂ ಆಗಲ್ಲ" ಅಂದಳು. ಅಷ್ಟರಲ್ಲಿ ಹೆಣವನ್ನು ಕೆಳಗೇರಿಗೆ ಕಳಿಸಿಯಾಗಿತ್ತು. ಮರುದಿನ ಮಧ್ಯಾಹ್ನ ಮಣ್ಣು. ಬೆಳಿಗ್ಗೆ ಎದ್ದವನೇ ಝುರ್ಕಾ ಕಾಕಾನ ಕಾಲು ಹಿಡಿದಾದರೂ ಒಪ್ಪಿಸಬೇಕು ಅಂದುಕೊಂಡು ಮನೆಗೆ ಹೋದೆ.

ನಮ್ಮ ಮನೆಯ ಅಂಗಳದಲ್ಲಿ ಎರಡು ಬೋಗುಣಿಗಳಿವೆ. ಕೆಳಗೇರಿಯ ಪ್ರತಿ ಅಂಗಳದಲ್ಲೂ ಇರುತ್ತವೆ. ಸೊಂಟದ ಮೇಲೆ ತೊಡುವ ಬಟ್ಟೆಗೆ ಒಂದು, ಹೆಂಗಸರ ಲಂಗಕ್ಕೆ ಇನ್ನೊಂದು. ಲಂಗದ ಬೋಗುಣಿಗೆ ತಾಕಿದ್ದು ಮತ್ತೆ ಬಾಯಿಗೆ ಬರುವ ಹಾಗಿಲ್ಲ. ಒಮ್ಮೆ ಅಮ್ಮನ ಕೈ ಜಾರಿ ಹೊಸ ಬಾಣಲೆ ಆ ಬೋಗುಣಿಗೆ ಬಿತ್ತು. ಅಪ್ಪ ಒಂದು ವಾರ ಕೂತು ಬಡಿದಿದ್ದ ಬಾಣಲೆ. ಅಮ್ಮ ಅದನ್ನು ಕಡ್ಡಿಯಿಂದ ಎತ್ತಿ ಹೊಳೆಗೆ ಎಸೆದಳು. ಮನೆಯಲ್ಲಿ ಬೇರೆ ಬಾಣಲೆ ಇರಲಿಲ್ಲ. ಆ ತಿಂಗಳೆಲ್ಲ ಬೇಯಿಸಿದ ಆಲೂಗಡ್ಡೆ ತಿಂದೆವು, ಯಾರೂ ಪಿಟ್ಟೆನ್ನಲಿಲ್ಲ. ನನ್ನ ಹೆಂಡತಿ ಪಾವುನಾಳಿಗೆ ಈ ಕಟ್ಟಳೆ ಕಂಡರೆ ಮೈ ಉರಿಯುತ್ತದೆ. "ಹಡಿಯಾಕ ನಾವು ಬೇಕು, ನಮ್ಮ ಲಂಗ ಮಾತ್ರ ಹೊಲಸು. ಇದೆಂಥ ನ್ಯಾಯಪಾ?" ಅನ್ನುತ್ತಾಳೆ. ಅಂದರೂ ಲಂಗವನ್ನು ಲಂಗದ ಬೋಗುಣಿಯಲ್ಲೇ ನೆನೆಹಾಕುತ್ತಾಳೆ.

ಬೆಳಿಗ್ಗೆ ಜೀಪು ಬಂತು. ಡುಂಬ್ರಾವ, ನೆಕ್ಷೊಯ್, ನಾಲ್ಕು ಪೇದೆಗಳು. ನೆಕ್ಷೊಯ್ ಮನೆಯೊಳಗೆ ಕಾಲಿಡಲಿಲ್ಲ, ಹಾಸಿಗೆ ಕೊಡವಲಿಲ್ಲ, ಪೆಟ್ಟಿಗೆ ತೆಗೆಸಲಿಲ್ಲ. ನೆಟ್ಟಗೆ ಲಂಗದ ಬೋಗುಣಿಯ ಹತ್ತಿರ ಹೋದ. ಲಾಠಿಯಿಂದ ಒದ್ದೆ ಲಂಗಗಳನ್ನು ಎತ್ತಿ ಪಕ್ಕಕ್ಕೆ ಹಾಕಿದ. ತಳದಿಂದ ಮುಗುರೆಲ್‌ನ ಬೆಳ್ಳಿ ಬಟ್ಟಲು ತೆಗೆದು ಎತ್ತಿ ಹಿಡಿದ. ಅದರ ಬಾಯಿಂದ ಸೋಪಿನ ನೀರು ಸುರಿಯಿತು.

ಪಾವುನಾ ಕಿಟಾರನೆ ಕಿರುಚಿದಳು. ನನ್ನ ಕೈಗೆ ಬೇಡಿ ಬಿತ್ತೆಂದಲ್ಲ, ಬಟ್ಟಲು ನೋಡಿ. "ಅಯ್ಯ ಹಾಟ್ಯಾ, ಅದನ್ನ ಅಲ್ಲಿ ಹಾಕಿದ ಕೈ ಸೇದಿಹೋಗ್ಲಿ! ಸತ್ತಾವನ ಬಟ್ಟಲೋ ಅದು!"

ಡುಂಬ್ರಾವ ಪೇದೆಗಳಿಗೆ ಕೇಳಿಸುವಂತೆ ಹೇಳಿದ. "ಲಾಕಪ್ಪಿನಲ್ಲಿ ಹುಡುಗನನ್ನ ಹೊಡೆದು ಕೊಂದಿದ್ದು ಪತ್ತೇದಾರ ಕೊಮಿಸಾರ್. ಈ ಬಟ್ಟಲಿನ ಆಸೆಗೆ. ತನ್ನ ಜಾತಿಯವನನ್ನೇ ಕೊಂದ."

ನಾನು ಹೇಳಿದೆ. ನಮ್ಮಲ್ಲಿ ಯಾವನೂ, ಕುಡಿದು ಹುಚ್ಚನಾದವನೂ, ಕುಡಿಯುವ ಬಟ್ಟಲನ್ನು ಆ ಬೋಗುಣಿಯಲ್ಲಿ ಇಡುವುದಿಲ್ಲ; ಇಟ್ಟರೆ ಅದು ನಮಗೆ ಕವಡೆ ಕಿಮ್ಮತ್ತಿಲ್ಲ; ಕದ್ದವನು ಅಲ್ಲಿ ಇಟ್ಟ ಎಂದರೆ ನಗುತ್ತಾರೆ ಎಂದೆ. ಹೌದು, ನಕ್ಕರು. ನೆಕ್ಷೊಯ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳಿದ್ರಾ ಸಾರ್? ಜಿಪ್ಸಿಗಳು ಮಡಿ ಅಂತೆ! ಎರಡು ಬೋಗುಣಿಯಲ್ಲಿ ಒಗೀತಾರಂತೆ, ಆದ್ರೂ ನಾರ್ತಾರೆ!"

ಬೇಲಿಯಾಚೆ ಅರ್ಧ ಕೇರಿ ನಿಂತಿತ್ತು. ಅವರಿಗೆ ಬೋಗುಣಿ ಕಂಡಿರಲಿಲ್ಲ. ನೆಕ್ಷೊಯ್‌ನ ಕೈಯಲ್ಲಿದ್ದ ಬಟ್ಟಲು ಕಂಡಿತ್ತು, ನನ್ನ ಕೈಯ ಬೇಡಿ ಕಂಡಿತ್ತು. ಒಬ್ಬ ಮುದುಕಿ ನನ್ನ ಮುಖಕ್ಕೆ ಉಗಿದಳು. ಎರಡೂ ಕೈಗೆ ಬೇಡಿ ಇತ್ತು. ಎಂಜಲು ಗಲ್ಲದ ಮೇಲೆ ಇಳಿದು ಒಣಗುವವರೆಗೂ ಹಾಗೇ ಇತ್ತು.

ಡುಂಬ್ರಾವ ಬಟ್ಟಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಠಾಣೆಯ ಕಡೆ ಹೋದ. ನನ್ನನ್ನು ನೆಕ್ಷೊಯ್ ಜೀಪಿನಲ್ಲಿ ಹಾಕಿಕೊಂಡ. ಜಿಲ್ಲಾ ಜೈಲಿಗೆ ಅಂದ. ಡ್ರೈವರ್ ಒಬ್ಬ, ಅವನೊಬ್ಬ, ನಾನೊಬ್ಬ. ಜೈಲಿನ ದಾರಿ ಎಡಕ್ಕೆ. ಜೀಪು ಬಲಕ್ಕೆ ತಿರುಗಿತು. ಓಲ್ತ್ ಹೊಳೆಯ ದಂಡೆಯಲ್ಲಿ, ಮರಳು ತೆಗೆಯುವ ಕಡೆ ನಿಂತಿತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

"ಇಳಿ. ಉಚ್ಚೆ ಹೊಯ್ಕೊ."

"ಬಂದಿಲ್ಲ."

"ಬರುತ್ತೆ, ಇಳಿಯೋ."

ನನಗೆ ಅರ್ಥವಾಯಿತು. ಇಂಥ ವರದಿಗಳನ್ನು ನಾನು ಓದಿದ್ದೇನೆ. ಆರೋಪಿ ಮೂತ್ರಕ್ಕೆ ಇಳಿದ, ಓಡಲು ನೋಡಿದ, ಎಚ್ಚರಿಕೆ ಕೊಟ್ಟರೂ ನಿಲ್ಲಲಿಲ್ಲ. ಗುಂಡು ಯಾವಾಗಲೂ ಬೆನ್ನಿಗೇ ಬಿದ್ದಿರುತ್ತದೆ. ನಾನು ಇಳಿದೆ. ನೆಕ್ಷೊಯ್ ಪಿಸ್ತೂಲಿನ ಚೀಲದ ಗುಂಡಿ ಬಿಚ್ಚುತ್ತಿದ್ದ.

"ಹೊಳೆ ಕಡೆ ನೋಡ್ಕೊಂಡು ನಡಿ ಕೊಮಿಸಾರ್."

ನಾನು ಹೊಳೆಯ ಕಡೆ ತಿರುಗಲಿಲ್ಲ, ಅವನ ಕಡೆ ತಿರುಗಿದೆ. ಬೇಡಿ ಬಿದ್ದ ಎರಡೂ ಕೈ ಎತ್ತಿ ಅವನ ಮೂಗಿನ ಮೇಲೆ ಬಡಿದೆ. ಮೂಳೆ ಮುರಿದ ಸದ್ದು ಕೇಳಿತು. ಸುಳ್ಳು ಹೇಳುವುದಿಲ್ಲ, ಆ ಸದ್ದು ನನಗೆ ಹಿತವಾಗಿತ್ತು. ಮರುಗಳಿಗೆ ಮರಳಿನ ಇಳಿಜಾರಿನಲ್ಲಿ ಉರುಳುತ್ತಿದ್ದೆ. ಕಿವಿಯ ಪಕ್ಕ ಮರಳು ಸಿಡಿಯಿತು. ಇನ್ನೊಂದು ಗುಂಡು. ನೀರಿಗೆ ಬಿದ್ದೆ.

ಮಾರ್ಚ್ ತಿಂಗಳ ಹೊಳೆ ಅದು, ಬೆಟ್ಟದ ಹಿಮ ಕರಗಿ ಬಂದ ನೀರು. ಎದೆಯ ಉಸಿರು ಕಟ್ಟಿತು. ಕೈ ಕಟ್ಟಿದವನಿಗೆ ಈಜು ಎಲ್ಲಿಯದು? ಕಾಲು ಬಡಿದೆ, ಮುಳುಗಿದೆ, ನೀರು ಕುಡಿದೆ, ಮತ್ತೆ ಕಾಲು ಬಡಿದೆ. ಒಂದು ಮರದ ಬೇರು ಎದೆಗೆ ಹೊಡೆಯಿತು. ಹಲ್ಲಿನಿಂದ ಕಚ್ಚಿ ಹಿಡಿದೆ. ಮೇಲಿನಿಂದ ನೆಕ್ಷೊಯ್ ಬೈಯುವುದು ಕೇಳುತ್ತಿತ್ತು. ಅವನು ನನ್ನನ್ನು ಹೆಸರು ಹಿಡಿದೇ ಬೈಯುತ್ತಿದ್ದ. ಅಪ್ಪ ನೆನಪಾದ. ಬೇರು ಬಿಟ್ಟು ಹೊಳೆಯ ಸೆಳೆತಕ್ಕೆ ಮೈ ಕೊಟ್ಟೆ. ಅದು ನನ್ನನ್ನು ಕೆಳಗೇರಿಯ ಕಡೆಗೇ ಒಯ್ಯುತ್ತದೆ ಎಂದು ಗೊತ್ತಿತ್ತು. ಊರಿನ ಕಸವೂ ಹೆಣವೂ ಬಂದು ನಿಲ್ಲುವುದು ಅಲ್ಲೇ.

ಪಾವುನಾಳ ಅಣ್ಣ ಸಾಂದು ಭಾವನ ಕುಲುಮೆ ಹೊಳೆಯ ಅಂಚಿಗೇ ಇದೆ. ತೆವಳಿಕೊಂಡು ಒಳಗೆ ಬಂದವನನ್ನು ನೋಡಿ ಭಾವ ಸುತ್ತಿಗೆ ಕೆಳಗಿಡಲಿಲ್ಲ. ಮೇಲಕ್ಕೆತ್ತಿದ.

"ಮುಗುರೆಲ್‌ನ ಕೊಂದಿ. ಈಗ ನನ್ನ ಹತ್ರ ಬಂದೀ. ತಲಿ ಒಡೀತೀನಿ ನೋಡ."

"ಒಡಿ ಭಾವ. ಅದಕ್ಕೂ ಮುಂಚೆ ಒಂದು ಮಾತು ಕೇಳು. ಬಟ್ಟಲು ಎಲ್ಲಿ ಸಿಕ್ತು ಗೊತ್ತೈತೇನು?"

"ನಿನ್ನ ಮನ್ಯಾಗ."

"ಮನ್ಯಾಗಲ್ಲ. ಪಾವುನಾನ ಲಂಗದ ಬೋಗುಣ್ಯಾಗ."

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಭಾವ ನನ್ನ ಮುಖ ನೋಡಿದ. ಹೊಳೆ ನೋಡಿದ. ನಿಧಾನವಾಗಿ ಸುತ್ತಿಗೆ ಇಳಿಸಿ ಕೂತ. "ಅಯ್ಯೋ ಯಪ್ಪಾ" ಅಂದ. ಅವನ ಕಣ್ಣಲ್ಲಿ ನೀರು ಬಂತು. ನನಗಾಗಿ ಬಂತೋ ಬಟ್ಟಲಿಗಾಗಿ ಬಂತೋ, ಕೇಳಲಿಲ್ಲ.

"ಪಾವುನಾ ಬೆಳಿಗ್ಗಿಂದ ಕಾಕಾನ ಬಾಗಿಲಾಗ ನಿಂತು ಇದನ್ನ ಬಡಕೊಳ್ಳಾಕತ್ತಾಳ. ಗಂಡನ್ನ ಉಳಿಸಾಕ ಸುಳ್ಳ ಹೇಳ್ತಾಳಂತ ಒಳಗ ಬಿಟ್ಟಿಲ್ಲ. ನಾನೂ ನಂಬಲಿಲ್ಲ" ಅಂದ ಭಾವ. "ನೀ ಹೇಳಿದ್ರೂ ಅಷ್ಟ, ನಾ ಹೇಳಿದ್ರೂ ಅಷ್ಟ. ಅವರ ಬಾಯಿಂದನ ಬರಬೇಕು."

"ಅವರ ಬಾಯಿಂದ ಹ್ಯಾಂಗ ಬರ್ತದ?"

"ನನಗೇನ್ ಗೊತ್ತು? ಪೊಲೀಸ ನೀನು."

ಹೊರಗೆ ಜೀಪು ನಿಂತ ಸದ್ದು. ಭಾವ ನನ್ನನ್ನು ನೆಲಕ್ಕೆ ಕುಕ್ಕರಿಸಿದ. ಝುರ್ಕಾ ಕಾಕಾನ ಮನೆಯ ಸಾವಿನ ಅಡುಗೆಗೆಂದು ತಿಕ್ಕಿಟ್ಟಿದ್ದ ದೊಡ್ಡ ತಾಮ್ರದ ಕೊಪ್ಪರಿಗೆಯನ್ನು ನನ್ನ ಮೇಲೆ ಬೋರಲು ಹಾಕಿದ. ಬೆಳಕು ಹೋಯಿತು. ಮೊಣಕಾಲು ಗದ್ದಕ್ಕೆ ಒತ್ತಿತ್ತು. ಮೂಗಿಗೆ ತಾಮ್ರದ ವಾಸನೆ, ನನ್ನದೇ ಹೆದರಿಕೆಯ ವಾಸನೆ.

"ಎಲ್ಲೋ ಅವನು?" ನೆಕ್ಷೊಯ್‌ನ ದನಿ. ಮುರಿದ ಮೂಗಿನಿಂದ ಗೊಣಗೊಣ ಬರುತ್ತಿತ್ತು.

"ಯಾರ್ರಿ ಸಾಹೇಬ್ರ?"

"ನಿನ್ನ ತಂಗಿ ಗಂಡ."

"ಸಿಕ್ರ ನನಗೂ ಹೇಳ್ರಿ. ನನಗೂ ಲೆಕ್ಕ ಐತಿ ಅವನ್ ಕೂಡ."

ಕೊಪ್ಪರಿಗೆಯ ಮೇಲೆ ಭಾರ ಬಿತ್ತು. ನೆಕ್ಷೊಯ್ ಅದರ ಮೇಲೆ ಕೂತಿದ್ದ. ಬೆಂಕಿಕಡ್ಡಿ ಗೀರಿದ ಸದ್ದು ಕೇಳಿತು. ನನ್ನ ನೆತ್ತಿಗೂ ಅವನ ಕುಂಡಿಗೂ ನಡುವೆ ಒಂದು ತಗಡು ಅಷ್ಟೇ. ನಾನು ಉಸಿರು ಹಿಡಿದೆ. ಬಟ್ಟೆಯಿಂದ ನೀರು ಬಸಿದು ಕೊಪ್ಪರಿಗೆಯ ಅಂಚಿನ ಕಡೆ ಹರಿಯುತ್ತಿತ್ತು. ಅಂಗೈಯಿಂದ ಮಣ್ಣು ಕೆರೆದು ಒಡ್ಡು ಕಟ್ಟಿದೆ.

"ಏಳ್ರಿ ಸಾಹೇಬ್ರ, ತಳ ಬಡಿಯೂದೈತಿ" ಅಂದ ಭಾವ. "ಮಧ್ಯಾಹ್ನದ ಅಡಿಗಿಗೆ ಕೊಡಬೇಕು. ಇಲ್ಲಾಂದ್ರ ಹೆಣದ ಮನ್ಯಾವರು ನನ್ನ ಬಡೀತಾರ."

ನೆಕ್ಷೊಯ್ ಎದ್ದ, ಆದರೆ ಹೋಗಲಿಲ್ಲ. "ಬಡಿ, ನೋಡೋಣ."

ಭಾವ ಬಡಿದ. ಬಡಿಯದೆ ವಿಧಿಯಿರಲಿಲ್ಲ. ಮೊದಲ ಏಟಿಗೇ ತಲೆಯೊಳಗೆ ಸಿಡಿಲು ಹೊಡೆದಂತಾಯಿತು. ಎರಡನೆಯದು, ಮೂರನೆಯದು. ಹಲ್ಲು ಅಲುಗಿದವು. ಕಿವಿ ಮುಚ್ಚಿಕೊಳ್ಳಲು ಬೇಡಿ ಬಿಡಲಿಲ್ಲ. ಒಂದು ಕಿವಿ ಮುಚ್ಚಿದರೆ ಇನ್ನೊಂದು ತೆರೆದಿರುತ್ತಿತ್ತು. ಕಿರುಚಬೇಕೆನ್ನಿಸಿತು. ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡೆ. ಬಲಗಿವಿಯಿಂದ ಬಿಸಿಯಾದದ್ದು ಏನೋ ಕುತ್ತಿಗೆಗೆ ಇಳಿಯಿತು. ಅಜ್ಜ, ಅಪ್ಪ, ಎಲ್ಲರೂ ಜೀವನವಿಡೀ ಈ ಸದ್ದಿನಲ್ಲೇ ಕೂತು ನಲವತ್ತಕ್ಕೆ ಕಿವುಡರಾದರು. ಅವರ ಕೊಪ್ಪರಿಗೆಯಲ್ಲಿ ಸಾರಾಯಿ ಇಳಿಸಿ ಕುಡಿದ ಊರು ಅವರಿಗೆ ಕಿವುಡ ಜಿಪ್ಸಿ ಎಂದು ನಗುತ್ತಿತ್ತು.

ಸದ್ದು ನಿಂತಿತು. ಕೊಪ್ಪರಿಗೆ ಒಂದಂಗುಲ ಮೇಲೆದ್ದಿತು. ಭಾವನ ತುಟಿ ಆಡಿದ್ದು ಕಂಡಿತು, ಮಾತು ಎಡಗಿವಿಗೆ ಮಾತ್ರ ಕೇಳಿತು.

"ಹೋದಾ. ಕಾಕಾನ ಮನಿಗೇ ಹೋದಾ. ನೀನೂ ಈಗ ಅಲ್ಲಿಗೇ ಹೊಂಟಿ. ಗಾಡಿ ಮ್ಯಾಲ, ಹಿಂಗ, ಇದರ ಕೆಳಗನ."

"ಕೊಪ್ಪರಿಗಿ ಹೊಲಸಾಗ್ತದಲ್ಲೋ ಭಾವ."

"ಆಗಿ ಹೋತು. ನೀ ಕುಂಡಿ ಊರಿ ಕೂತಾಗನ ಆಗಿ ಹೋತು. ಉಳಕೊಂಡ್ರ ಹೊಸಾದು ಬಡದು ಕೊಡು."

ಕುದುರೆಗಾಡಿಯ ಮೇಲೆ ಕೊಪ್ಪರಿಗೆಯ ಕೆಳಗೆ ಮಡಚಿಕೊಂಡು ನಾನು ಸಾವಿನ ಮನೆಯ ಅಂಗಳಕ್ಕೆ ಹೋದೆ. ಬಾಗಿಲ ಹತ್ತಿರ ಪಾವುನಾಳ ದನಿ ಕೇಳಿತು. ಗಂಟಲು ಬಿದ್ದು ಹೋಗಿತ್ತು. "ನಾ ಹೇಳೂದು ಖರೇನ್ರೇ, ಕೇಳ್ರೇ" ಅನ್ನುತ್ತಿದ್ದಳು. ಯಾವಳೋ "ಕೊಂದಾವನ ಹೇಂತಿ, ಸರಿ ಅತ್ತಾಗ" ಅಂದಳು. ಗಾಡಿ ಗೇಟು ದಾಟಿ ಅಲ್ಲೇ ಬದಿಗೆ ನಿಂತಿತು. ಆಮೇಲೆ ಡುಂಬ್ರಾವನ ದನಿ. ಪಾದ್ರಿಯ ಹಾಗೆ ಮೆತ್ತಗೆ ಮಾತಾಡುತ್ತಿದ್ದ.

"ಝುರ್ಕಾ, ಕಾನೂನು ಪ್ರಕಾರ ಇದನ್ನ ನಿನಗೆ ಈಗ ಕೊಡಬಾರದು. ಆದ್ರೂ ತಂದೆಯ ದುಃಖ ನೋಡಿ ತಂದಿದ್ದೀನಿ. ತಗೋ ನಿನ್ನ ಬಟ್ಟಲು. ಮಗನ ಹೆಸರಲ್ಲಿ ಕುಡಿದು ಬೇಗ ಮಣ್ಣು ಮಾಡು. ಕೊಂದವನನ್ನ ನಾನು ನೋಡ್ಕೋತೀನಿ."

ಹೆಂಗಸರ ಅಳು ಏರಿತು. ಸೀಸೆಯಿಂದ ಸಾರಾಯಿ ಸುರಿದ ಸದ್ದು. ಪಾವುನಾ ಹೇಳಿದ್ದು ನಿಜವೇನೋ ಎಂಬ ಅನುಮಾನ ಕಾಕಾನಿಗೂ ಒಂದು ಗಳಿಗೆ ಬಂದಿರಬೇಕು, ಸದ್ದು ನಡುವೆ ನಿಂತಿತು. ಮತ್ತೆ ಸುರಿಯಿತು. ಮಗನನ್ನು ಕೊಂದವರ 'ದಯೆ'ಯನ್ನು ಆ ಮುದುಕ ಈಗ ಕುಡಿಯುತ್ತಾನೆ. ನನ್ನಿಂದ ಆಗಲಿಲ್ಲ. ಬೆನ್ನು ಕೊಟ್ಟು ಕೊಪ್ಪರಿಗೆ ಎತ್ತಿದೆ. ಅದು ಗಾಡಿಯಿಂದ ಉರುಳಿ ನೆಲಕ್ಕೆ ಬಿತ್ತು, ಅಂಗಳವೆಲ್ಲ ಗಂಟೆ ಹೊಡೆದಂತೆ ಮೊಳಗಿತು.

"ಕುಡಿಬ್ಯಾಡ ಕಾಕಾ!"

ಅಂಗಳದ ನಡುವೆ ಶವಪೆಟ್ಟಿಗೆ, ಮುಚ್ಚಳ ತೆರೆದಿತ್ತು. ಮುಗುರೆಲ್‌ಗೆ ಮದುವೆಯ ಕೋಟು ಹಾಕಿದ್ದರು. ಪಕ್ಕದಲ್ಲಿ ಕಾಕಾ, ಕೈಯಲ್ಲಿ ತುಂಬಿದ ಬಟ್ಟಲು. ಅವನ ಎದುರು ಡುಂಬ್ರಾವ. ಬೇಲಿಯ ಹತ್ತಿರ ಮೂಗಿಗೆ ಬಟ್ಟೆ ಕಟ್ಟಿಕೊಂಡ ನೆಕ್ಷೊಯ್.

"ನೋಡಿದ್ರಾ! ಕೊಂದವನು ಹೆಣ ನೋಡಕ್ಕೂ ಬಂದಿದ್ದಾನೆ!" ಡುಂಬ್ರಾವ ಕೂಗಿದ. ಪಿಸ್ತೂಲು ಎಳೆದ. ಆದರೆ ಹೊಡೆಯಲಿಲ್ಲ. ಯಾಕೆ ಹೊಡೆಯಬೇಕು? ನಮ್ಮವರೇ ಆ ಕೆಲಸಕ್ಕೆ ಎದ್ದಿದ್ದರು. ಮುಗುರೆಲ್‌ನ ಅಣ್ಣಂದಿರು, ದಾಯಾದಿಗಳು, ಒಬ್ಬನ ಕೈಯಲ್ಲಿ ಕೊಡಲಿ, ಇನ್ನಿಬ್ಬರ ಕೈಯಲ್ಲಿ ಸುತ್ತಿಗೆ. ನಾನು ಗಾಡಿಯಿಂದ ಇಳಿದೆ. ಓಡುವ ಮನಸ್ಸಿರಲಿಲ್ಲ. ನಾನು ನಿಂತದ್ದು ಗೇಟಿನ ಬಾಯಲ್ಲೇ, ಬೆನ್ನ ಹಿಂದೆ ರಸ್ತೆ, ಮುಂದೆ ನನ್ನ ಜನ.

ಹಿಂದಿನಿಂದ ಯಾರೋ ನನ್ನನ್ನು ತಳ್ಳಿಕೊಂಡು ಮುಂದೆ ಬಂದರು. ಪಾವುನಾ. ಅವಳು ಸೊಂಟಕ್ಕೆ ಕೈ ಹಾಕಿ ಮೇಲಿನ ಲಂಗದ ಲಾಡಿ ಬಿಚ್ಚಿದಳು. ಕೆಂಪು ಹೂವಿನ ಲಂಗ. ಬೀಸಿ ನನ್ನ ಮುಂದೆ ನೆಲಕ್ಕೆ ಹಾಸಿದಳು.

"ದಾಟ್ರಿ ನೋಡೂಣು! ಗಂಡಸಾಗಿದ್ರ ದಾಟಿ ಅವನ್ನ ಮುಟ್ರಿ!"

ಮೊದಲು ಬಂದವನು ಗೋಡೆಗೆ ಹಾಯ್ದ ಗೂಳಿಯಂತೆ ನಿಂತ. ಹಿಂದಿನವರು ಅವನ ಬೆನ್ನಿಗೆ ಬಿದ್ದರು. ಕೊಡಲಿ ಎತ್ತಿದ್ದು ಎತ್ತಿದ ಹಾಗೇ ಇತ್ತು. ಹೆಂಗಸು ಬಿಚ್ಚಿ ಹಾಸಿದ ಲಂಗವನ್ನು ದಾಟಿದ ಗಂಡಸನ್ನು ನಮ್ಮಲ್ಲಿ ಯಾರೂ ಊಟಕ್ಕೆ ಕೂರಿಸುವುದಿಲ್ಲ, ಸಾಯುವವರೆಗೂ.

ನೆಕ್ಷೊಯ್‌ಗೆ ನಗು ಬಂತು. ಮುರಿದ ಮೂಗಿನ ನೋವಿನಲ್ಲೂ ನಕ್ಕ. ಬೂಟುಗಾಲಿನಲ್ಲಿ ನಡೆದು ಬಂದು ಲಂಗದ ಮೇಲೆ ನಿಂತ.

"ಥೂ ನಿಮ್ಮ! ಲಂಗ ನೋಡಿ ಹೆದರ್ತೀರಾ? ಇವಳ ಇಂಥದ್ದೇ ಒದ್ದೆ ಲಂಗದ ಕೆಳಗಿಂದ ಆ ಬಟ್ಟಲನ್ನ ನಾನು ಎತ್ತಿದ್ದು. ಬೋಗುಣಿ ತಳದಲ್ಲಿ ಬಚ್ಚಿಟ್ಟಿದ್ದ ನನ್ಮಗ. ಈ ಲಾಠೀಲೇ ಲಂಗ ಎತ್ತಿ, ಈ ಕೈಯಲ್ಲೇ ತೆಗೆದೆ."

ಅಳು ನಿಂತಿತು. ಒಬ್ಬಳದಲ್ಲ, ಎಲ್ಲರದೂ ಒಟ್ಟಿಗೆ ನಿಂತಿತು. ಕೊಡಲಿ ಹಿಡಿದವನು ನೆಕ್ಷೊಯ್‌ನನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಕಾಕಾನ ಕೈಯಲ್ಲಿದ್ದ ಬಟ್ಟಲನ್ನು ನೋಡಿದ. ಬೆಳಿಗ್ಗೆ ನನಗೆ ಉಗಿದ ಮುದುಕಿ ಬಾಯಿಗೆ ತಲೆವಸ್ತ್ರದ ತುದಿ ಅಡ್ಡ ಹಿಡಿದಳು.

"ಎಲ್ಲಿ ಸಿಕ್ತಂದ್ರಿ ಸಾಹೇಬ್ರ?" ಕಾಕಾ ಕೇಳಿದ. ದನಿ ಬಹಳ ಮೆತ್ತಗಿತ್ತು. "ನನಗ ಕಿವಿ ಮಂದ. ಇನ್ನೊಮ್ಮಿ ಹೇಳ್ರಿ."

"ಲಂಗದ ಬೋಗುಣೀಲಿ! ಇವನ ಹೆಂಡತಿ ಲಂಗದ ಕೆಳಗೆ!" ನೆಕ್ಷೊಯ್ ಕಿವುಡನಿಗೆ ಹೇಳುವ ಹಾಗೆ ಕೂಗಿ ಹೇಳಿದ.

"ಅಲ್ಲೇ ಬಚ್ಚಿಟ್ಟಿದ್ದನಾ? ನೀವ ಕಣ್ಣಾರೆ ಕಂಡ್ರಾ?"

"ಕಂಡೆ ಅಂದ್ನಲ್ಲ!"

ಡುಂಬ್ರಾವನಿಗೆ ಏನೋ ಎಡವಟ್ಟಾಯಿತು ಎಂದು ಅನ್ನಿಸಿತು. ಏನು ಎಂದು ತಿಳಿಯಲಿಲ್ಲ. ಎಲ್ಲರ ಮುಖ ನೋಡಿದ. ನಮ್ಮ ನಡುವೆ ಇಷ್ಟು ವರ್ಷ ಠಾಣೆ ನಡೆಸಿದವನು. ನಮ್ಮ ಮನೆ ಎಷ್ಟು ಸಲ ಜಾಲಾಡಿದ್ದ, ನಮ್ಮ ಎಷ್ಟು ಮಕ್ಕಳನ್ನು ಹೊಡೆದಿದ್ದ. ಅಂಗಳದಲ್ಲಿ ಯಾಕೆ ಎರಡು ಬೋಗುಣಿ ಇರುತ್ತವೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಬೆಳಿಗ್ಗೆ ನಾನೇ ಹೇಳಿದಾಗಲೂ ನಕ್ಕು ಮರೆತಿದ್ದ.

ಕಾಕಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದ.

"ನಮ್ಮ ಮಗನ ಸಲುವಾಗಿ ಭಾಳ ಕಷ್ಟಪಟ್ರಿ. ಮೊದಲ ಗುಟುಕು ನಿಮ್ದು. ಕುಡೀರಿ ಸಾಹೇಬ್ರ."

ಡುಂಬ್ರಾವ ಹಗುರಾದ. ಮುಖದ ಗಂಟು ಸಡಿಲಾಯಿತು. ಬಟ್ಟಲು ತೆಗೆದುಕೊಂಡು, ಮರ್ಯಾದೆಗೆ ತಲೆ ಬಾಗಿಸಿ, ಎತ್ತಿ ಗಟಗಟ ಕುಡಿದ. ಇಡೀ ಕೆಳಗೇರಿ ನೋಡುತ್ತಿತ್ತು. ಅವನ ಗಂಟಲ ಮಣಿ ಮೇಲೆ ಕೆಳಗೆ ಆಡುತ್ತಿತ್ತು. ಕುಡಿದು ತುಟಿ ಒರೆಸಿಕೊಂಡು ಬಟ್ಟಲನ್ನು ವಾಪಸು ಚಾಚಿದ. ಕಾಕಾ ಕೈ ನೀಡಲಿಲ್ಲ. ಪಕ್ಕದವನು ನೀಡಲಿಲ್ಲ. ಯಾರೂ ನೀಡಲಿಲ್ಲ. ಡುಂಬ್ರಾವ ಖಾಲಿ ಬಟ್ಟಲು ಹಿಡಿದುಕೊಂಡು ನಿಂತ. ಕೆಂಪು ದಾರ ಕಟ್ಟಿದ ನನ್ನ ಲೋಟ ನನಗೆ ನೆನಪಾಯಿತು.

"ಕಾಕಾ, ಜಿಲ್ಲಾ ಆಸ್ಪತ್ರ್ಯಾಗ ಇನ್ನೊಮ್ಮಿ ನೋಡ್ತಾರ. ಮಣ್ಣಿಗೆ ಹಾಕಬ್ಯಾಡ. ನೀ ಕೇಳಿದ್ರ ಸಾಕು" ಅಂದೆ.

ಕಾಕಾ ಮಗನ ಕಾಲ ಹತ್ತಿರ ಹೋದ. ಹೊಸ ಬೂಟು ಹಾಕಿದ್ದರು. ಬಗ್ಗಿ ಒಂದು ಬೂಟು ಎಳೆದ, ಕಾಲುಚೀಲ ಎಳೆದ. ಹೆಣ ತೊಳೆದವರು ಠಾಣೆಯವರೇ, ಬೂಟು ಹಾಕಿ ಕಳಿಸಿದವರೂ ಅವರೇ. ಬಿಚ್ಚಬೇಡಿ, ಮೆಟ್ಟಿಲಿಂದ ಬಿದ್ದು ಕಾಲು ಮುರಿದಿದೆ ಅಂದಿದ್ದರಂತೆ. ಕಾಕಾ ಆ ಅಂಗಾಲನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಮುಚ್ಚಳ ತಾನೇ ಎಳೆದು ಹಾಕಿದ.

"ಎತ್ರೋ" ಅಂದ.

"ಸ್ಮಶಾನ ಈ ಕಡೆ" ಅಂದ ಡುಂಬ್ರಾವ.

"ನಾವು ದವಾಖಾನಿಗೆ ಹೊಂಟೀವಿ."

"ನಾನು ಬಿಡಲ್ಲ. ಇದು ಸರ್ಕಾರಿ ಆಜ್ಞೆ!" ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಪಿಸ್ತೂಲು. ಬೆರಳು ಟ್ರಿಗರ್ ಮೇಲಿತ್ತು. ಸುತ್ತ ಫೋನುಗಳು ಮೇಲೆದ್ದವು, ಹೆಂಗಸರ ಕೈಯಲ್ಲಿ, ಮುದುಕರ ಕೈಯಲ್ಲಿ. ಕಾಕಾ ಪಿಸ್ತೂಲಿನ ಬಾಯಿಗೆ ಎದೆ ತಾಕುವಷ್ಟು ಹತ್ತಿರ ಹೋದ.

"ಹೊಡಿ. ಹೊಡದು, ಇಂವನೂ ಮೆಟ್ಟಲಿಂದ ಬಿದ್ದ ಅಂತ ಬರಕೋ. ನನ್ನ ಅಂಗಳದಾಗೂ ಮೆಟ್ಟಲಿಲ್ಲ."

ಡುಂಬ್ರಾವ ಸುತ್ತಲಿನ ಫೋನುಗಳನ್ನು ಒಂದೊಂದಾಗಿ ನೋಡಿದ. ಕೆಳಗೇರಿಯ ಎದುರು ಅವನು ಹಿಂಜರಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಪಿಸ್ತೂಲು ಇಳಿಯಿತು.

ಪೆಟ್ಟಿಗೆ ಹೆಗಲಿಗೇರಿತು. ಕಾಕಾ ನನ್ನನ್ನು ನೋಡಿ, "ನೀನೂ ಬಾ, ಹೆಗಲ ಕೊಡು" ಅಂದ. ಲಂಗದ ಅಂಚು ತಾಕದಂತೆ ಗೇಟಿನ ಕಂಬಕ್ಕೆ ಒತ್ತಿಕೊಂಡು ಒಳಗೆ ಹೋಗಿ, ಬೇಡಿಯ ಕೈಯಲ್ಲೇ ಪೆಟ್ಟಿಗೆಯ ಅಂಚು ಹಿಡಿದು ಹೆಗಲು ಕೊಟ್ಟೆ. ಗೇಟಿನ ತನಕ ಹೋದೆವು. ಅಲ್ಲಿ ನಿಂತೆವು. ಪಾವುನಾಳ ಲಂಗ ಗೇಟಿಗೆ ಅಡ್ಡವಾಗಿ ಹಾಗೇ ಬಿದ್ದಿತ್ತು, ಅದರ ಮೇಲೆ ನೆಕ್ಷೊಯ್‌ನ ಬೂಟಿನ ಗುರುತು.

"ತೆಗಿಯವ್ವಾ ಅದನ್ನ" ಅಂದ ಕಾಕಾ.

"ತೆಗಿಯಂಗಿಲ್ಲ" ಅಂದಳು ಪಾವುನಾ.

"ಪಾವುನಾ!" ಅಂದೆ ನಾನು.

"ನೀ ಸುಮ್ಕಿರು. ಮುಂಜಾನಿಂದ ಗಂಟಲ ಹರಕೊಂಡೆ. ನನ್ನ ಮಾತು ಒಬ್ರೂ ಕೇಳಲಿಲ್ಲ. ಆ ಮೂಗುಮುರುಕ ಹೇಳಿದ್ರ ಎಲ್ರೂ ಕೇಳಿದ್ರಿ. ನನ್ನ ಗಂಡನ ಉಳಿಸಿದ್ದು ಈ ಲಂಗ. ನಿಮ್ಮ ಕಣ್ಣ ತೆರಸಿದ್ದು ಈ ಲಂಗ. ಇದು ಹೊಲಸಾಗಿದ್ರ ಇಲ್ಲೇ ನಿಲ್ರಿ, ಹೆಣ ಹೊತ್ಕೊಂಡು ನಾಳಿ ತನಕ ನಿಲ್ರಿ."

ಪೆಟ್ಟಿಗೆಯ ಭಾರ ಹೆಗಲು ಕೊರೆಯುತ್ತಿತ್ತು. ಹಿಂದೆ ಡುಂಬ್ರಾವ ಫೋನಿನಲ್ಲಿ ಯಾರಿಗೋ ಬರಹೇಳುತ್ತಿದ್ದ. ಇನ್ನೂ ಜೀಪುಗಳು ಬರುತ್ತವೆ, ಇನ್ನೂ ಬಂದೂಕುಗಳು ಬರುತ್ತವೆ. ನಾವು ಒಂದು ಲಂಗದ ಮುಂದೆ ನಿಂತಿದ್ದೆವು. ನಾನು ಕಾಲೆತ್ತಲು ನೋಡಿದೆ, ಏಳಲಿಲ್ಲ. ಪೊಲೀಸ್ ಕೆಲಸ, ಓದು, ಯಾವುದೂ ಆ ಕಾಲನ್ನು ಎತ್ತಲಿಲ್ಲ.

ಝುರ್ಕಾ ಕಾಕಾ ತಿರುಗಿ ಅಂಗಳದ ನಡುವೆ ಬಟ್ಟಲು ಹಿಡಿದು ನಿಂತವನನ್ನು ನೋಡಿದ. ಅದು ಅವನ ಮುತ್ತಜ್ಜನ ಬಟ್ಟಲು.

"ನನ್ನ ಮಗನ್ನ ಲಂಗ ಕೊಲ್ಲಲಿಲ್ಲ" ಅಂದ. "ಬಟ್ಟಲನ್ನೂ ಲಂಗ ಕೆಡಿಸಲಿಲ್ಲ. ಅವರ ಕೈ ಕೆಡಿಸ್ತು."

ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬಲಗಾಲು ಎತ್ತಿ ಲಂಗದ ಆಚೆ ಇಟ್ಟ. ಆಮೇಲೆ ಎಡಗಾಲು. ಅವನ ಹಿಂದೆ ನಾವು ಪೆಟ್ಟಿಗೆ ಹೊತ್ತು ಒಬ್ಬೊಬ್ಬರಾಗಿ ದಾಟಿದೆವು. ಪಾವುನಾ ಬಗ್ಗಿ ಲಂಗ ಎತ್ತಿಕೊಂಡು, ಬೂಟಿನ ಮಣ್ಣು ಕೊಡವಿ, ಸೊಂಟಕ್ಕೆ ಕಟ್ಟಿಕೊಳ್ಳುತ್ತ ನಮ್ಮ ಮುಂದೆ ಜಿಲ್ಲಾ ರಸ್ತೆಗೆ ಇಳಿದಳು.